ರನ್‌ಟೈಮಲ್ಲಿ ವೇರಿಯಬಲ್ ಯಾವ ಟೈಪು ಅಂತ ನೋಡೋದು: ಯಾವ ದಾರಿ ಯಾವಾಗ ಹಿಡೀಬೇಕು

ಬೆಂಗಳೂರಲ್ಲಿ ಯಾವ ಲೇಔಟ್ ಅಸೋಸಿಯೇಷನ್ ಹತ್ರ ಹೋದ್ರೂ ಒಂದು ಎಕ್ಸೆಲ್ ಶೀಟ್ ಸಿಗತ್ತೆ. ಮನೆ ನಂಬರ್, ಓನರ್ ಹೆಸರು, ಮೇಂಟೆನೆನ್ಸ್ ದುಡ್ಡು, ಕಟ್ಟಿದ ತಾರೀಖು. ಅದನ್ನ ಪೈಥಾನಲ್ಲಿ ಓಪನ್‌ಪೈಎಕ್ಸ್‌ಎಲ್ ಅನ್ನೋ ಎಕ್ಸೆಲ್ ಓದೋ ಲೈಬ್ರರಿ ಹಾಕಿ ಓದಿ, ಮನೆ ನಂಬರ್ ಕಾಲಂನ ಒಂದೊಂದೇ ಸೆಲ್ ಪ್ರಿಂಟ್ ಮಾಡಿ ನೋಡಿ. 45 ಅನ್ನೋ ಮನೆ ಇಂಟ್ (ಪೂರ್ಣಾಂಕ) ಆಗಿ ಬರತ್ತೆ, 45/ಎ ಅನ್ನೋದು ಸ್ಟ್ರಿಂಗ್ ಆಗಿ ಬರತ್ತೆ, ಖಾಲಿ ಬಿಟ್ಟಿರೋ ಸೆಲ್ ನನ್ (None, ಏನೂ ಇಲ್ಲ ಅನ್ನೋ ವ್ಯಾಲ್ಯೂ) ಆಗಿ ಬರತ್ತೆ, ಇನ್ನು 12/3 ಅಂತ ತುಂಬಿರೋ ಮನೆ ಇದ್ಯಲ್ಲ, ಅದನ್ನ ಎಕ್ಸೆಲ್ ಆಗ್ಲೇ ಮಾರ್ಚ್ 12 ಅಂತ ತಾರೀಖು ಮಾಡಿಟ್ಟಿರತ್ತೆ, ಹಾಗಾಗಿ ಅದು ಡೇಟ್‌ಟೈಮ್ ಆಬ್ಜೆಕ್ಟ್ ಆಗಿ ಕೈಗೆ ಸಿಗತ್ತೆ. ಒಂದೇ ಕಾಲಂ, ನಾಲ್ಕು ಟೈಪು. ಸಿಸ್ಟಂ ಸೆಟ್ಟಿಂಗ್ ಅಮೆರಿಕದ್ದಾಗಿದ್ರೆ ಅದೇ 12/3 ಡಿಸೆಂಬರ್ 3 ಆಗತ್ತೆ, ಅದು ಇನ್ನೊಂದು ತಲೆನೋವು.

ಇಂಥ ಡೇಟಾ ಕೈಗೆ ಬಂದಾಗ ಪ್ರೋಗ್ರಾಂ ಓಡ್ತಾ ಇರೋವಾಗ್ಲೇ "ಇದು ಏನು" ಅಂತ ಕೇಳ್ಬೇಕಾಗತ್ತೆ. ಕೇಳೋಕೆ ಹೆಚ್ಚುಕಮ್ಮಿ ಎಲ್ಲಾ ಭಾಷೆಲೂ ಎರಡು ಮೂರು ದಾರಿ ಇದೆ, ಮತ್ತೆ ತುಂಬಾ ಜನ ಸರ್ಚ್ ಮಾಡಿದ ತಕ್ಷಣ ಮೊದ್ಲು ಸಿಕ್ಕಿದ್ದನ್ನ ಎತ್ತಿ ಹಾಕ್ಬಿಡ್ತಾರೆ. ಅದು ಟೆಸ್ಟಲ್ಲಿ ಓಡತ್ತೆ, ಪ್ರೊಡಕ್ಷನ್‌ನಲ್ಲಿ ಬೀಳತ್ತೆ. ಅದಕ್ಕೇ ಈ ದಾರಿಗಳನ್ನ ಪಕ್ಕಪಕ್ಕ ಇಟ್ಟು, ಯಾವ್ದು ಎಲ್ಲಿ ಕೈ ಹಿಡಿಯತ್ತೆ, ಎಲ್ಲಿ ಕೈ ಕೊಡತ್ತೆ ಅಂತ ಬರೆಯೋಣ ಅನ್ನಿಸ್ತು.

ಮೊದ್ಲು ನಿಮ್ಮ ಪ್ರಶ್ನೆ ಯಾವ್ದು ಅಂತ ನೋಡ್ಕೊಳ್ಳಿ

"ಟೈಪ್ ಏನು" ಅಂತ ಕೇಳ್ತಿದ್ದೀವಿ ಅಂದ್ಕೋತೀವಿ, ಆದ್ರೆ ಅದರೊಳಗೆ ನಾಲ್ಕು ಬೇರೆಬೇರೆ ಪ್ರಶ್ನೆ ಸೇರ್ಕೊಂಡಿರತ್ತೆ. ಒಂದು, ಇದು ಕರೆಕ್ಟಾಗಿ ಇದೇ ಕ್ಲಾಸಾ, ಬೇರೆ ಯಾವ್ದೂ ಅಲ್ವಾ. ಎರಡು, ಈ ಕ್ಲಾಸ್ ಅಥವಾ ಇದರಿಂದ ಹುಟ್ಟಿದ ಯಾವ್ದಾದ್ರೂ ಕ್ಲಾಸಾ. ಮೂರು, ಕ್ಲಾಸ್ ಏನಾದ್ರೂ ಇರ್ಲಿ, ನನಗೆ ಬೇಕಾದ ಕೆಲಸ ಇದರ ಕೈಲಿ ಆಗತ್ತಾ. ನಾಲ್ಕು, ಟೈಪ್ ಸರಿ ಇದೆ, ಒಳಗಿರೋ ವ್ಯಾಲ್ಯೂ ನನ್ನ ಕೆಲಸಕ್ಕೆ ಆಗೋ ಥರ ಇದ್ಯಾ.

ನಾನು ನೋಡಿದ ಮಟ್ಟಿಗೆ ಟೈಪ್ ಚೆಕ್‌ಗೆ ಸಂಬಂಧಪಟ್ಟ ಬಗ್‌ಗಳಲ್ಲಿ ಜಾಸ್ತಿ ಪಾಲು ಹುಟ್ಟೋದೇ ಇಲ್ಲಿ: ಪ್ರಶ್ನೆ ಎರಡನೇದು, ಹಾಕಿರೋ ಟೂಲ್ ಮೊದಲನೇದರದ್ದು. ಇಲ್ಲಾಂದ್ರೆ ಪ್ರಶ್ನೆ ನಾಲ್ಕನೇದು, ಟೈಪ್ ಚೆಕ್ ಪಾಸಾಯ್ತು ಅಂತ ಅಲ್ಲಿಗೇ ನಿಲ್ಸಿಬಿಟ್ಟಿರ್ತಾರೆ. ಪ್ರಶ್ನೆ ಗಟ್ಟಿಯಾದ್ರೆ ಟೂಲ್ ಆರಿಸೋದು ಅಷ್ಟೇನೂ ಕಷ್ಟ ಅಲ್ಲ.

ಪೈಥಾನ್: ಟೈಪ್ ಫಂಕ್ಷನ್ನಾ, ಇಸ್‌ಇನ್‌ಸ್ಟನ್ಸಾ

ಪೈಥಾನಲ್ಲಿ ಟೈಪ್ ಫಂಕ್ಷನ್‌ಗೆ ವ್ಯಾಲ್ಯೂ ಕೊಟ್ರೆ ಅದರ ಕ್ಲಾಸ್ ವಾಪಸ್ ಬರತ್ತೆ. ಆ ಉತ್ತರ ಮೊದಲನೇ ಪ್ರಶ್ನೆಗೆ, ಖಡಾಖಂಡಿತವಾಗಿ ಇದೇ ಕ್ಲಾಸಾ ಅನ್ನೋದಕ್ಕೆ. ಇಸ್‌ಇನ್‌ಸ್ಟನ್ಸ್ ಎರಡನೇ ಪ್ರಶ್ನೆಗೆ, ಸಬ್‌ಕ್ಲಾಸ್ ಇದ್ರೂ ಹೌದು ಅನ್ನತ್ತೆ. ದಿನನಿತ್ಯದ ಕೋಡಲ್ಲಿ ಇಸ್‌ಇನ್‌ಸ್ಟನ್ಸ್ ಹಾಕಿ, ಇದ್ರಲ್ಲಿ ನನಗೆ ಡೌಟೇ ಇಲ್ಲ. ಯಾಕಂದ್ರೆ "ಟೈಪ್ ಡಿಕ್ಟ್‌ಗೆ ಸಮನಾ" ಅಂತ (ಡಿಕ್ಟ್ ಅಂದ್ರೆ ಕೀ-ವ್ಯಾಲ್ಯೂ ಜೋಡಿಗಳನ್ನ ಇಡೋ ಟೈಪು) ಬರೆದಿಟ್ರೆ, ನಾಳೆ ಟೀಮಲ್ಲಿ ಇನ್ಯಾರೋ ಮಾಮೂಲಿ ಡಿಕ್ಟ್ ಬದ್ಲು ಡಿಫಾಲ್ಟ್‌ಡಿಕ್ಟ್ ಅಥವಾ ಕೌಂಟರ್ ಕಳಿಸ್ತಾರೆ, ಅವೆರಡೂ ಡಿಕ್ಟ್‌ನ ಮಕ್ಕಳೇ, ಡಿಕ್ಟ್ ಮಾಡೋ ಹೆಚ್ಚುಕಮ್ಮಿ ಎಲ್ಲಾ ಕೆಲಸ ಮಾಡತ್ವೆ, ಆದ್ರೂ ನಿಮ್ಮ ಚೆಕ್ ಬಾಗ್ಲು ಹಾಕತ್ತೆ. ತಪ್ಪು ಅವರದ್ದಲ್ಲ.

ಇಸ್‌ಇನ್‌ಸ್ಟನ್ಸ್‌ಗೆ ಒಂದೇ ಕ್ಲಾಸ್ ಕೊಡ್ಬೇಕು ಅಂತೇನಿಲ್ಲ, ಟಪಲ್ ಮಾಡಿ ನಾಲ್ಕೈದು ಕೊಡ್ಬಹುದು. 2021ರಲ್ಲಿ ಬಂದ 3.10 ಆವೃತ್ತಿಯಿಂದ ಮಧ್ಯೆ ಪೈಪ್ ಗುರುತು ಹಾಕಿ ಇಂಟ್ ಅಥವಾ ಸ್ಟರ್ ಅಂತಾನೂ ಬರೀಬಹುದು, ಓದೋಕೂ ಚೆನ್ನಾಗಿದೆ.

ಆದ್ರೆ ಇಸ್‌ಇನ್‌ಸ್ಟನ್ಸ್ ಹಾಕೋರು ಎರಡು ಜಾಗದಲ್ಲಿ ಹುಷಾರಾಗಿರ್ಬೇಕು, ಎರಡೂ ನಮ್ಮ ಮೇಂಟೆನೆನ್ಸ್ ಶೀಟಲ್ಲೇ ಸಿಗತ್ತೆ.

ಮೊದಲನೇದು ಬೂಲ್. ಪೈಥಾನಲ್ಲಿ ಬೂಲ್ ಅನ್ನೋದು ಇಂಟ್‌ನ ಸಬ್‌ಕ್ಲಾಸ್. 2003ರ 2.3 ಆವೃತ್ತಿಯಲ್ಲಿ ಬೂಲ್ ಸೇರಿಸಿದಾಗ, ಅಲ್ಲೀವರೆಗೂ ಜನ ನಿಜಕ್ಕೆ 1, ಸುಳ್ಳಿಗೆ 0 ಅಂತ ಬರೆದಿದ್ದ ಕೋಡೆಲ್ಲ ಮುರೀಬಾರ್ದು ಅಂತ ಹೀಗೆ ಮಾಡಿದ್ರು. ಕಾರಣ ಒಳ್ಳೇದೇ, ಆದ್ರೆ ಅದರ ಪರಿಣಾಮ ಈಗ್ಲೂ ಇದೆ. ದುಡ್ಡಿನ ಕಾಲಂನಲ್ಲಿ ಯಾರೋ 2500 ಬದ್ಲು ಟ್ರೂ ಅಂತ ಹಾಕಿದ್ರು ಅನ್ಕೊಳ್ಳಿ, ಕಟ್ಟಿದ್ದಾರೆ ಅನ್ನೋ ಅರ್ಥದಲ್ಲಿ. ಓದಿದಾಗ ಬೂಲ್ ಬರತ್ತೆ, ಇಂಟಾ ಅಂತ ಇಸ್‌ಇನ್‌ಸ್ಟನ್ಸ್ ಕೇಳಿದ್ರೆ ಹೌದು ಅನ್ನತ್ತೆ, ಟೋಟಲ್‌ಗೆ ಒಂದು ರೂಪಾಯಿ ಸೇರತ್ತೆ, ಎಲ್ಲೂ ಎರರ್ ಇಲ್ಲ. ವರ್ಷದ ಕೊನೇಲಿ ಲೆಕ್ಕ ತಾಳೆ ಆಗ್ದೆ ಟ್ರೆಶರರ್ ಅಂಕಲ್ ತಲೆ ಕೆಡ್ಸ್ಕೊಂಡು ಕೂರ್ತಾರೆ. ಇಂಥ ಕಡೆ ಬೂಲ್ ಚೆಕ್ ಮೊದ್ಲು, ಇಂಟ್ ಚೆಕ್ ಆಮೇಲೆ. 3.10ರ ಮ್ಯಾಚ್ ಸ್ಟೇಟ್‌ಮೆಂಟ್ ಹಾಕಿದ್ರೂ ಇದೇ ಕಥೆ, ಅಲ್ಲಿ ಕೇಸ್ ಇಂಟ್ ಅಂತ ಮುಂದೆ ಖಾಲಿ ಬ್ರಾಕೆಟ್ ಹಾಕಿ ಬರೆದ್ರೆ ಟ್ರೂ ಕೂಡ ಅದರೊಳಗೇ ಹೋಗತ್ತೆ, ಯಾಕಂದ್ರೆ ಒಳಗೆ ನಡೆಯೋದು ಇಸ್‌ಇನ್‌ಸ್ಟನ್ಸ್ ಚೆಕ್ಕೇ.

ಎರಡನೇದು ತಾರೀಖು. ಡೇಟ್‌ಟೈಮ್ ಅನ್ನೋದು ಡೇಟ್‌ನ ಸಬ್‌ಕ್ಲಾಸ್. ಹಾಗಾಗಿ "ಇದು ಡೇಟಾ" ಅಂತ ಕೇಳಿದ್ರೆ ಡೇಟ್‌ಟೈಮ್‌ಗೂ ಹೌದು ಬರತ್ತೆ, ಆಮೇಲೆ ನೀವು ಅದನ್ನ ಕೊನೇ ದಿನದ ಡೇಟ್ ಜೊತೆ ಚಿಕ್ಕದಾ ದೊಡ್ಡದಾ ಅಂತ ಹೋಲಿಸೋಕೆ ಹೋದ್ರೆ ಟೈಪ್‌ಎರರ್ ಬೀಳತ್ತೆ. ಬಿದ್ರೆ ಪುಣ್ಯ. ಸಮನಾ ಅಂತ ಹೋಲಿಸಿದ್ರೆ ಎರರೂ ಬರಲ್ಲ, ಸುಮ್ನೆ ಫಾಲ್ಸ್ ಬರತ್ತೆ, ಒಂದೇ ದಿನ ಆಗಿದ್ರೂ. ಇಲ್ಲೂ ಅಷ್ಟೇ, ಮಗುವಿನ ಕ್ಲಾಸ್ ಮೊದ್ಲು ಕೇಳಿ, ತಾಯಿ ಕ್ಲಾಸ್ ಆಮೇಲೆ.

ಹಂಗಾದ್ರೆ ಟೈಪ್ ಫಂಕ್ಷನ್ ಯಾವಾಗ ಬೇಕು? ಸಬ್‌ಕ್ಲಾಸ್ ಬರ್ಲೇಬಾರ್ದು ಅಂತ ನಿಜವಾಗ್ಲೂ ಇದ್ದಾಗ. ಡೇಟಾನ ಬೈಟ್ಸ್ ಮಾಡಿ ಬರೆಯೋ ಕೋಡ್, ಕ್ಯಾಶ್ ಕೀ ಮಾಡೋ ಕೋಡ್, ಅಲ್ಲಿ 1 ಮತ್ತೆ ಟ್ರೂ ಬೇರೆಬೇರೆ ಅಂತ ಗೊತ್ತಾಗ್ಲೇಬೇಕು. ಆಗ ಟೈಪ್ ತಗೊಂಡು, ಡಬಲ್ ಈಕ್ವಲ್ ಬದ್ಲು ಇಸ್ ಹಾಕಿ ಹೋಲಿಸಿ. ಇನ್ನೊಂದು, ಡೀಬಗ್ ಮಾಡೋವಾಗ. ಅಲ್ಲಿ ಟೈಪ್ ಫಂಕ್ಷನ್‌ಗೆ ಸಮನಾದ್ದು ಇಲ್ಲ, ವ್ಯಾಲ್ಯೂನ ರೆಪರ್ (ಸ್ಟ್ರಿಂಗನ್ನ ಕೋಟ್ ಸಮೇತ ತೋರಿಸೋ repr) ಮತ್ತೆ ಅದರ ಟೈಪು ಎರಡೂ ಒಟ್ಟಿಗೆ ಪ್ರಿಂಟ್ ಮಾಡಿ. ಬರೀ ವ್ಯಾಲ್ಯೂ ಪ್ರಿಂಟ್ ಮಾಡಿದ್ರೆ 45 ಅನ್ನೋ ಇಂಟೂ 45 ಅನ್ನೋ ಸ್ಟ್ರಿಂಗೂ ಸ್ಕ್ರೀನ್ ಮೇಲೆ ಒಂದೇ ಥರ ಕಾಣತ್ತೆ, ಅದನ್ನ ನೋಡ್ಕೊಂಡು ಗಂಟೆಗಟ್ಲೆ ಕೂತಿರೋ ಹುಡುಗ್ರನ್ನ ನೋಡಿದ್ದೀನಿ.

ಡೇಟಾ ಸೈನ್ಸ್ ಕಡೆ ಇರೋರಿಗೆ ಒಂದು ಮಾತು. ನಂಪೈ ಅನ್ನೋ ಲೆಕ್ಕದ ಲೈಬ್ರರಿಯ ಫ್ಲೋಟ್64 ಪೈಥಾನ್ ಫ್ಲೋಟ್‌ನ ಸಬ್‌ಕ್ಲಾಸ್, ಆದ್ರೆ ಇಂಟ್64 ಪೈಥಾನ್ ಇಂಟ್‌ನ ಸಬ್‌ಕ್ಲಾಸ್ ಅಲ್ಲ. ಹಾಗಾಗಿ ಫ್ಲೋಟಿಗೆ ಬರೆದ ಚೆಕ್ ಪಾಸಾಗತ್ತೆ, ಅದೇ ಥರ ಇಂಟ್‌ಗೆ ಬರೆದಿದ್ದು ಫೇಲಾಗತ್ತೆ, ಕಾರಣ ಹುಡುಕೋಕೆ ಟೈಮ್ ಹಿಡಿಯತ್ತೆ. ಪೂರ್ಣಾಂಕನಾ ಅಂತಷ್ಟೇ ತಿಳೀಬೇಕಿದ್ರೆ ನಂಬರ್ಸ್ ಮಾಡ್ಯೂಲ್‌ನ ಇಂಟೆಗ್ರಲ್ ಹಾಕಿ ಕೇಳಿ, ಎರಡಕ್ಕೂ ಹೌದು ಅನ್ನತ್ತೆ. ಬೂಲ್‌ಗೂ ಹೌದು ಅನ್ನತ್ತೆ, ಅದು ನೆನಪಿರ್ಲಿ.

ಕ್ಲಾಸ್ ಕೇಳ್ದೆ ಕೆಲಸ ಕೇಳೋದು

ಇದು ಮೂರನೇ ಪ್ರಶ್ನೆ, ಡಕ್ ಟೈಪಿಂಗ್ ಅಂತಾರೆ. ಪೈಥಾನ್ ಜನಕ್ಕೆ ಇದು ಪ್ರೀತಿ, ನನಗೂ ಪ್ರೀತಿ, ಆದ್ರೆ ಕಣ್ಮುಚ್ಚಿ ಹಾಕೋ ಹಾಗಿಲ್ಲ. ಫೈಲ್ ತಗೊಳ್ಳೋ ಫಂಕ್ಷನ್‌ಗೆ ರೀಡ್ ಅನ್ನೋ ಮೆಥಡ್ ಇದ್ರೆ ಸಾಕು, ಅದು ಡಿಸ್ಕಲ್ಲಿರೋ ಫೈಲೋ, ಮೆಮೊರಿಲಿರೋ ಸ್ಟ್ರಿಂಗ್‌ಐಓನೋ, ನೆಟ್‌ವರ್ಕಿಂದ ಬರೋ ರೆಸ್ಪಾನ್ಸೋ ನಿಮಗೇನಾಗ್ಬೇಕು. ಇಲ್ಲಿ ಕ್ಲಾಸ್ ಕೇಳಿದ್ರೆ ಟೆಸ್ಟ್ ಬರೆಯೋರಿಗೂ ಕಷ್ಟ ಕೊಟ್ಟ ಹಾಗೆ. ಸುಮ್ನೆ ಕರೀರಿ, ಆಗ್ದಿದ್ರೆ ಎಕ್ಸೆಪ್ಶನ್ ಬರತ್ತೆ.

ಆದ್ರೆ ಟ್ರೈ ಹಾಕಿ ಅಟ್ರಿಬ್ಯೂಟ್‌ಎರರ್ ಹಿಡಿಯೋವಾಗ ಟ್ರೈ ಒಳಗೆ ಒಂದೇ ಸಾಲು ಇರ್ಲಿ. ಹತ್ತು ಸಾಲು ತುಂಬಿದ್ರೆ, ಏಳನೇ ಸಾಲಲ್ಲಿ ನಿಜವಾದ ಬಗ್‌ನಿಂದ ಬಂದ ಅಟ್ರಿಬ್ಯೂಟ್‌ಎರರೂ ಅದೇ ಬಲೆಗೆ ಬಿದ್ದು, "ಓ ಇದು ಫೈಲ್ ಅಲ್ಲ" ಅಂತ ಕೋಡ್ ಬೇರೆ ದಾರಿ ಹಿಡಿಯತ್ತೆ.

ಡಕ್ ಟೈಪಿಂಗ್ ಕೈ ಕೊಡೋ ಇನ್ನೊಂದು ಜಾಗ ಸ್ಟ್ರಿಂಗ್. ಒಂದು ಮನೆ ನಂಬರ್ ಕೊಟ್ರೂ ಸರಿ, ಮನೆ ನಂಬರ್‌ಗಳ ಲಿಸ್ಟ್ ಕೊಟ್ರೂ ಸರಿ ಅನ್ನೋ ಫಂಕ್ಷನ್ ಬರೀತೀವಿ ತಾನೇ, ಅಲ್ಲಿ "ಲೂಪ್ ಮಾಡೋಕಾಗತ್ತಾ" ಅಂತ ಕೇಳಿದ್ರೆ ಸ್ಟ್ರಿಂಗೂ ಹೌದು ಅನ್ನತ್ತೆ, ಯಾಕಂದ್ರೆ ಸ್ಟ್ರಿಂಗ್ ಮೇಲೆ ಅಕ್ಷರ ಅಕ್ಷರವಾಗಿ ಲೂಪ್ ಆಗತ್ತೆ. 45/ಎ ಅನ್ನೋ ಒಂದು ಮನೆಗೆ ಹೋಗ್ಬೇಕಿದ್ದ ನೋಟೀಸು 4, 5, ಸ್ಲ್ಯಾಶ್, ಎ ಅಂತ ನಾಲ್ಕು ಮನೆಗೆ ಹೋಗತ್ತೆ. ಅದಕ್ಕೇ ಇಂಥ ಫಂಕ್ಷನಲ್ಲಿ ಮೊದಲ ಸಾಲು ಸ್ಟ್ರಿಂಗಾ ಅಂತ ಇಸ್‌ಇನ್‌ಸ್ಟನ್ಸ್ ಚೆಕ್, ಆಮೇಲೆ ಮಿಕ್ಕಿದ್ದು.

ಇವೆರಡರ ಮಧ್ಯದ ದಾರಿ ಅಂದ್ರೆ ಕಲೆಕ್ಷನ್ಸ್ ಎಬಿಸಿ ಮಾಡ್ಯೂಲ್‌ನಲ್ಲಿರೋ ಮ್ಯಾಪಿಂಗ್, ಇಟರಬಲ್, ಸೀಕ್ವೆನ್ಸ್ ಥರದ ಅಮೂರ್ತ ಕ್ಲಾಸ್‌ಗಳು. ಕಾನ್ಫಿಗ್ ತಗೊಳ್ಳೋ ಕಡೆ ಡಿಕ್ಟಾ ಅಂತ ಕೇಳೋ ಬದ್ಲು ಮ್ಯಾಪಿಂಗಾ ಅಂತ ಕೇಳಿದ್ರೆ, ಡಿಕ್ಟ್‌ನಿಂದ ಹುಟ್ಟದೇ ಇದ್ರೂ ಡಿಕ್ಟ್ ಥರ ನಡ್ಕೊಳ್ಳೋವೂ ಪಾಸಾಗತ್ವೆ. ಲೈಬ್ರರಿ ಬರೆಯೋರಿಗೆ ಇದೇ ನನ್ನ ಮೊದಲ ಆಯ್ಕೆ. 2019ರ 3.8ರಲ್ಲಿ ಬಂದ ಪ್ರೋಟೋಕಾಲ್‌ಗೆ ರನ್‌ಟೈಮ್‌ಚೆಕಬಲ್ ಡೆಕೊರೇಟರ್ ಹಾಕಿ ಸ್ವಂತ ಷರತ್ತೂ ಮಾಡ್ಕೋಬಹುದು, ಆದ್ರೆ ಅದು ಆ ಹೆಸರಿನ ಮೆಥಡ್ ಇದ್ಯಾ ಅಂತ ಮಾತ್ರ ನೋಡತ್ತೆ, ಅದು ಎಷ್ಟು ಆರ್ಗ್ಯುಮೆಂಟ್ ತಗೊಳತ್ತೆ, ಏನು ವಾಪಸ್ ಕೊಡತ್ತೆ ಅಂತ ನೋಡಲ್ಲ.

ಟೈಪಿಗೊಂದು ಥರ ಕೆಲಸ ಮಾಡ್ಬೇಕು, ಇಫ್ ಎಲಿಫ್ ಸಾಲು ಉದ್ದ ಆಗ್ತಿದೆ ಅಂದ್ರೆ ಫಂಕ್‌ಟೂಲ್ಸ್‌ನ ಸಿಂಗಲ್‌ಡಿಸ್ಪ್ಯಾಚ್ ನೋಡಿ. 2014ರಲ್ಲಿ 3.4 ಜೊತೆ ಬಂತು, ಆದ್ರೂ ಬಳಸೋರು ಕಮ್ಮಿ. ಒಂದೊಂದು ಟೈಪಿಗೂ ಬೇರೆ ಫಂಕ್ಷನ್ ರಿಜಿಸ್ಟರ್ ಮಾಡ್ಬಹುದು, ಹೊಸ ಟೈಪ್ ಬಂದ್ರೆ ಹಳೇ ಕೋಡ್ ಮುಟ್ಟೋದೇ ಬೇಕಾಗಲ್ಲ, ಮತ್ತೆ ಬೂಲ್‌ಗೆ ಅಂತ ಬೇರೆ ರಿಜಿಸ್ಟರ್ ಮಾಡಿದ್ರೆ ಮಕ್ಕಳು ಮೊದ್ಲು ತಾಯಿ ಆಮೇಲೆ ಅನ್ನೋ ಕ್ರಮನೂ ಅದೇ ನೋಡ್ಕೊಳತ್ತೆ.

ಇನ್ನು ಟೈಪ್ ಹಿಂಟ್ ಹಾಕಿದ್ದೀನಲ್ಲ ಸಾಕಲ್ವಾ ಅಂತ ಕೇಳೋರಿಗೆ: ಇಲ್ಲ. ಫಂಕ್ಷನ್ ಎದ್ರು ಇಂಟ್ ಅಂತ ಬರೆದ್ರೂ ಓಡೋವಾಗ ಪೈಥಾನ್ ಅದನ್ನ ಚೆಕ್ ಮಾಡಲ್ಲ, ಸ್ಟ್ರಿಂಗ್ ಕೊಟ್ರೂ ಒಳಗೆ ಬಿಡತ್ತೆ. ಹಿಂಟ್ ಇರೋದು ಮೈಪೈ ಥರ ಕೋಡ್ ಓಡಿಸ್ದೆ ಟೈಪ್ ನೋಡೋ ಟೂಲಿಗೆ, ಎಡಿಟರ್‌ಗೆ, ಓದೋ ಮನುಷ್ಯರಿಗೆ. ಮತ್ತೆ ಇಸ್‌ಇನ್‌ಸ್ಟನ್ಸ್‌ಗೆ "ಇಂಟ್‌ಗಳ ಲಿಸ್ಟ್" ಅಂತ ಸ್ಕ್ವೇರ್ ಬ್ರಾಕೆಟ್ ಹಾಕಿ ಕೊಟ್ರೆ ಟೈಪ್‌ಎರರ್ ಬರತ್ತೆ. ಲಿಸ್ಟಾ ಅಂತ ಕೇಳ್ಬಹುದು, ಒಳಗಿನ ಐಟಂಗಳನ್ನ ನೀವೇ ಒಂದೊಂದಾಗಿ ನೋಡ್ಬೇಕು.

ಜಾವಾಸ್ಕ್ರಿಪ್ಟ್: ಟೈಪ್‌ಆಫ್ ಎಲ್ಲೀವರೆಗೆ ನಂಬ್ಬಹುದು

ಇಲ್ಲಿ ಟೈಪ್‌ಆಫ್ ಅನ್ನೋದು ಎಂಟೇ ಉತ್ತರ ಕೊಡೋದು: ಅನ್‌ಡಿಫೈನ್ಡ್, ಬೂಲಿಯನ್, ನಂಬರ್, ಬಿಗ್‌ಇಂಟ್, ಸ್ಟ್ರಿಂಗ್, ಸಿಂಬಲ್, ಫಂಕ್ಷನ್, ಮಿಕ್ಕಿದ್ದೆಲ್ಲ ಆಬ್ಜೆಕ್ಟ್. ಸ್ಟ್ರಿಂಗಾ, ಬೂಲಿಯನ್ನಾ, ಫಂಕ್ಷನ್ನಾ ಅಂತ ತಿಳಿಯೋಕೆ ಇದೇ ಬೆಸ್ಟ್, ಬೇರೆ ಏನೂ ಬೇಡ. ಡಿಕ್ಲೇರೇ ಆಗದೇ ಇರೋ ಹೆಸರು ಕೊಟ್ರೂ ಎರರ್ ಕೊಡ್ದೆ ಅನ್‌ಡಿಫೈನ್ಡ್ ಅನ್ನತ್ತೆ, ಬ್ರೌಸರಲ್ಲೂ ನೋಡ್.ಜೆಎಸ್‌ನಲ್ಲೂ (ಬ್ರೌಸರ್ ಇಲ್ದೆ ಜಾವಾಸ್ಕ್ರಿಪ್ಟ್ ಓಡಿಸೋದು) ಓಡ್ಬೇಕಾದ ಕೋಡಲ್ಲಿ ವಿಂಡೋ ಇದ್ಯಾ ಅಂತ ನೋಡೋಕೆ ಅದು ಅನುಕೂಲ. ಲೆಟ್ ಹಾಕಿರೋ ವೇರಿಯಬಲ್‌ನ ಅದರ ಸಾಲು ಬರೋ ಮುಂಚೆ ಕೇಳಿದ್ರೆ ಮಾತ್ರ ರೆಫರೆನ್ಸ್‌ಎರರ್ ಬರತ್ತೆ.

ಕಷ್ಟ ಶುರುವಾಗೋದು ಆಬ್ಜೆಕ್ಟ್ ಅನ್ನೋ ಉತ್ತರದಲ್ಲಿ. ಅರೇ ಕೊಟ್ರೂ ಆಬ್ಜೆಕ್ಟ್, ಡೇಟ್ ಕೊಟ್ರೂ ಆಬ್ಜೆಕ್ಟ್, ನಲ್ ಕೊಟ್ರೂ ಆಬ್ಜೆಕ್ಟ್. ನಲ್ ಯಾಕೆ ಹಾಗೆ ಅನ್ನೋದು ತಿಳ್ಕೊಳ್ಳೋಕೆ ಚೆನ್ನಾಗಿದೆ: 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್‌ನಲ್ಲಿ ಹತ್ತು ದಿನದಲ್ಲಿ ಮೊದಲ ಆವೃತ್ತಿ ಮಾಡಿದ್ರಲ್ಲ, ಆ ಕಾಲದ ಎಂಜಿನ್‌ನಲ್ಲಿ ಪ್ರತೀ ವ್ಯಾಲ್ಯೂನ ಕೆಳಗಿನ ಬಿಟ್‌ಗಳಲ್ಲಿ ಅದರ ಟೈಪ್ ಗುರುತು ಇರ್ತಿತ್ತು, ಆಬ್ಜೆಕ್ಟ್‌ಗೆ ಸೊನ್ನೆ, ನಲ್ ಅಂದ್ರೆ ಎಲ್ಲಾ ಬಿಟ್ ಸೊನ್ನೆ, ಹಾಗಾಗಿ ನಲ್ ಕೂಡ ಆಬ್ಜೆಕ್ಟ್ ಲೆಕ್ಕಕ್ಕೇ ಸೇರ್ಕೊಂಡ್ತು. ಆಮೇಲೆ ಸರಿ ಮಾಡೋಣ ಅಂತ ಪ್ರಸ್ತಾಪ ಬಂದ್ರೂ, ಇರೋ ವೆಬ್‌ಸೈಟ್‌ಗಳು ಮುರಿಯತ್ವೆ ಅಂತ ಕೈಬಿಟ್ರು. ನಾವು ಮಾಡ್ಬೇಕಾದ್ದು ಇಷ್ಟು, ಟೈಪ್‌ಆಫ್ ಆಬ್ಜೆಕ್ಟಾ ಅಂತ ಕೇಳೋ ಕಡೆಯೆಲ್ಲಾ ಜೊತೇಲೇ ನಲ್ ಅಲ್ವಾ ಅಂತಾನೂ ಮೂರು ಈಕ್ವಲ್ ಲೆಕ್ಕದಲ್ಲಿ ಕೇಳ್ಬೇಕು.

ಅರೇಗೆ 2009ರ ಇಎಸ್5ರಲ್ಲಿ (ಜಾವಾಸ್ಕ್ರಿಪ್ಟ್ ಸ್ಟ್ಯಾಂಡರ್ಡ್‌ನ ಒಂದು ಆವೃತ್ತಿ) ಬಂದ ಅರೇ ಡಾಟ್ ಇಸ್‌ಅರೇ ಇದೆ, ಅದನ್ನೇ ಹಾಕಿ. ಇನ್‌ಸ್ಟನ್ಸ್‌ಆಫ್ ಅರೇ ಅಂತ ಯಾಕೆ ಬೇಡ ಅಂದ್ರೆ, ಪ್ರತೀ ಐಫ್ರೇಮ್‌ಗೂ (ವೆಬ್ ಪೇಜ್ ಒಳಗೆ ಕೂರಿಸಿದ ಇನ್ನೊಂದು ಪೇಜ್) ಅದರದ್ದೇ ಬೇರೆ ಅರೇ ಕನ್‌ಸ್ಟ್ರಕ್ಟರ್ ಇರತ್ತೆ, ಒಂದು ಫ್ರೇಮ್‌ನಲ್ಲಿ ಹುಟ್ಟಿದ ಅರೇನ ಇನ್ನೊಂದು ಫ್ರೇಮ್‌ನ ಕನ್‌ಸ್ಟ್ರಕ್ಟರ್ ಎದ್ರು ಇಟ್ಟು ಕೇಳಿದ್ರೆ ಅಲ್ಲ ಅನ್ನತ್ತೆ. ನೋಡ್‌ನ ವಿಎಂ ಮಾಡ್ಯೂಲಲ್ಲೂ ಹೀಗೇ ಆಗತ್ತೆ.

ಹಾಗಂತ ಇನ್‌ಸ್ಟನ್ಸ್‌ಆಫ್ ಕೆಟ್ಟದ್ದು ಅಂತಲ್ಲ. ನೀವೇ ಬರೆದ ಕ್ಲಾಸು, ನೀವೇ ಬರೆದ ಎರರ್ ಕ್ಲಾಸು, ಎಲ್ಲ ಒಂದೇ ಆ್ಯಪ್ ಒಳಗೆ ಅಂದ್ರೆ ಅದೇ ಸರಿಯಾದ ಆಯ್ಕೆ. ಒಂದೇ ಪ್ಯಾಕೇಜಿನ ಎರಡು ಆವೃತ್ತಿ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಳಗೆ ಸೇರ್ಕೊಂಡಿದ್ರೆ ಮಾತ್ರ ಹೆಸರು ಒಂದೇ ಆದ್ರೂ ಕ್ಲಾಸ್ ಎರಡು, ಚೆಕ್ ಫೇಲು. ದೊಡ್ಡ ರೆಪೋಗಳಲ್ಲಿ ಇದು ನಡೆಯೋದೇ, ಮೊದ್ಲು ಡಿಪೆಂಡೆನ್ಸಿ ಪಟ್ಟಿ ನೋಡಿ, ಆಮೇಲೆ ಕೋಡ್ ಮೇಲೆ ಅನುಮಾನ ಪಡಿ.

ಒಂದು ದಾರಿ ಮಾತ್ರ ಯಾವತ್ತೂ ಬೇಡ ಅಂತೀನಿ: ಕನ್‌ಸ್ಟ್ರಕ್ಟರ್‌ನ ಹೆಸರು ತಗೊಂಡು ಸ್ಟ್ರಿಂಗ್ ಆಗಿ ಹೋಲಿಸೋದು. ನಿಮ್ಮ ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡತ್ತೆ, ಪ್ರೊಡಕ್ಷನ್ ಬಿಲ್ಡ್‌ನಲ್ಲಿ ಕೋಡ್ ಚಿಕ್ಕದು ಮಾಡೋ ಮಿನಿಫೈಯರ್ ಆ ಕ್ಲಾಸಿನ ಹೆಸರನ್ನ ಒಂದಕ್ಷರಕ್ಕೆ ಇಳಿಸಿದ್ರೆ ಚೆಕ್ ಸದ್ದಿಲ್ದೆ ಸುಳ್ಳಾಗತ್ತೆ. ಆಬ್ಜೆಕ್ಟ್ ಪ್ರೋಟೋಟೈಪ್‌ನ ಟುಸ್ಟ್ರಿಂಗ್‌ನ ಕಾಲ್ ಹಾಕಿ ಕರೆಯೋ ಹಳೇ ಉಪಾಯ ಇನ್ನೂ ಕೆಲಸ ಮಾಡತ್ತೆ, ಡೇಟ್, ರೆಜೆಕ್ಸ್ ಥರದ್ದನ್ನ ಫ್ರೇಮ್ ದಾಟಿ ಗುರುತಿಸೋಕೆ ಒಳ್ಳೇದು. ಇಎಸ್2015ರಿಂದ ಯಾವ ಆಬ್ಜೆಕ್ಟ್ ಬೇಕಾದ್ರೂ ಟುಸ್ಟ್ರಿಂಗ್‌ಟ್ಯಾಗ್ ಸಿಂಬಲ್ ಹಾಕ್ಕೊಂಡು ಆ ಉತ್ತರ ಬದಲಾಯಿಸ್ಬಹುದು, ಅದಕ್ಕೇ ಸೆಕ್ಯುರಿಟಿ ವಿಷ್ಯಕ್ಕೆ ಅದನ್ನ ನಂಬ್ಬೇಡಿ.

ಈಗ ನಂಬರ್. ಟೈಪ್‌ಆಫ್ ನಂಬರ್ ಅಂದ್ರೂ ಕೆಲಸ ಮುಗಿಯಲ್ಲ, ಯಾಕಂದ್ರೆ ನ್ಯಾನ್ (NaN, ನಂಬರ್ ಅಲ್ಲ ಅನ್ನೋ ವ್ಯಾಲ್ಯೂ) ಕೂಡ ನಂಬರ್ ಟೈಪೇ. ನಂಬರ್ ಡಾಟ್ ಇಸ್‌ಫೈನೈಟ್ ಹಾಕಿದ್ರೆ ನ್ಯಾನ್, ಇನ್‌ಫಿನಿಟಿ ಎರಡೂ ಆಚೆ ಹೋಗತ್ವೆ. ಇನ್ನೂ ದೊಡ್ಡ ಅಪಾಯ ಉದ್ದದ ಅಂಕಿಗಳದ್ದು. ಜಾವಾಸ್ಕ್ರಿಪ್ಟ್ ನಂಬರ್ ಪೂರ್ಣಾಂಕಗಳನ್ನ ಸರಿಯಾಗಿ ಇಟ್ಕೊಳ್ಳೋದು 9007199254740991 ವರೆಗೆ, ಅಂದ್ರೆ 16 ಅಂಕಿ. ನಮ್ಮ ಬ್ಯಾಂಕ್ ಅಕೌಂಟ್ ನಂಬರ್ ಕೆಲವು 17, 18 ಅಂಕಿ ತನಕ ಹೋಗತ್ತೆ. ಅದನ್ನ ಜೇಸನ್‌ನಲ್ಲಿ ಕೋಟ್ ಇಲ್ದೆ ಕಳಿಸಿದ್ರೆ ಪಾರ್ಸ್ ಆಗತ್ತೆ, ಟೈಪ್ ಚೆಕ್ ಪಾಸಾಗತ್ತೆ, ಕೊನೇ ಅಂಕಿಗಳು ಬದಲಾಗಿರ್ಬಹುದು, ಅಂದ್ರೆ ಅದು ಬೇರೆಯವರ ಅಕೌಂಟೇ ಆಗಿರ್ಬಹುದು. ಇದನ್ನ ಯಾವ ಟೈಪ್ ಚೆಕ್ಕೂ ಹಿಡಿಯಲ್ಲ, ಅಷ್ಟೊತ್ತಿಗೆ ಡೇಟಾ ಹಾಳಾಗಿ ಆಗಿರತ್ತೆ. ಕೂಡೋದು ಕಳೆಯೋದು ಮಾಡದೇ ಇರೋ ನಂಬರ್ ಎಲ್ಲಾ ಸ್ಟ್ರಿಂಗೇ ಆಗಿರ್ಲಿ: ಅಕೌಂಟ್ ನಂಬರ್, ಮೊಬೈಲ್ ನಂಬರ್, 560ರಿಂದ ಶುರುವಾಗೋ ಪಿನ್‌ಕೋಡ್, ನಮ್ಮ 080 ಎಸ್‌ಟಿಡಿ ಕೋಡ್ ಅಂತೂ ಇಂಟ್ ಮಾಡಿದ ಕ್ಷಣ 80 ಆಗ್ಬಿಡತ್ತೆ. ಬಿಎಂಟಿಸಿ ರೂಟ್ ನಂಬರೂ ಹಾಗೇ, 500ಡಿ, 335ಇ ಇರೋ ಪಟ್ಟಿಲಿ ಬರೀ ಅಂಕಿ ಇರೋ ರೂಟ್ ಸಿಕ್ತು ಅಂತ ಅದನ್ನ ಮಾತ್ರ ನಂಬರ್ ಮಾಡೋ ಹಾಗಿಲ್ಲ. ಮನೆ ನಂಬರ್ 12ಇ3 ಅಂತ ಇದ್ದು ಆ ಇ ಇಂಗ್ಲಿಷ್ ಅಕ್ಷರ ಆಗಿದ್ರೆ, ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್ ಅದನ್ನ ನ್ಯಾನ್ ಕೂಡ ಮಾಡಲ್ಲ, ಸೀದಾ 12000 ಅನ್ನತ್ತೆ.

ಟೈಪ್‌ಸ್ಕ್ರಿಪ್ಟ್ (ಟೈಪ್ ಬರೆಯೋಕಾಗೋ ಜಾವಾಸ್ಕ್ರಿಪ್ಟ್) ಇದ್ರೆ ಸಾಕಾ ಅಂತ ಕೇಳ್ತಾರೆ. ನಿಮ್ಮದೇ ಕೋಡಿನ ಒಳಗೆ ಬಹುಮಟ್ಟಿಗೆ ಸಾಕು, ಹೊರಗಿಂದ ಬರೋ ಡೇಟಾಗೆ ಸಾಲಲ್ಲ. ಕಂಪೈಲ್ ಆದ್ಮೇಲೆ ಇಂಟರ್ಫೇಸ್ ಅನ್ನೋದು ಉಳಿಯೋದೇ ಇಲ್ಲ, ಹಾಗಾಗಿ ಅದರ ಮೇಲೆ ಇನ್‌ಸ್ಟನ್ಸ್‌ಆಫ್ ಹಾಕೋಕಾಗಲ್ಲ, ಆ್ಯಸ್ ಹಾಕಿ ಟೈಪ್ ಹೇಳಿದ್ರೆ ಕಂಪೈಲರ್ ಬಾಯಿ ಮುಚ್ಚತ್ತೆ ಅಷ್ಟೇ, ರನ್‌ಟೈಮಲ್ಲಿ ಯಾವ ಚೆಕ್ಕೂ ನಡೆಯಲ್ಲ. ಎಪಿಐನಿಂದ ಬಂದಿದ್ದಕ್ಕೆ ಎನಿ ಬದ್ಲು 2018ರ 3.0ರಲ್ಲಿ ಬಂದ ಅನ್‌ನೋನ್ ಕೊಡಿ, ಆಗ ಚೆಕ್ ಮಾಡ್ದೆ ಮುಟ್ಟೋಕೆ ಕಂಪೈಲರೇ ಬಿಡಲ್ಲ. ಚೆಕ್ ಎರಡು ಮೂರು ಫೀಲ್ಡ್ ಆದ್ರೆ ಕೈಯಲ್ಲೇ ಟೈಪ್ ಗಾರ್ಡ್ ಬರೀರಿ, ಜಾಸ್ತಿ ಆದ್ರೆ ಝಾಡ್ ಥರದ ಲೈಬ್ರರಿ. ಬೇರೆಬೇರೆ ಆಕಾರದ ಆಬ್ಜೆಕ್ಟ್ ಒಂದೇ ಕಡೆ ಬರೋದಾದ್ರೆ ಪ್ರತಿಯೊಂದಕ್ಕೂ ಕೈಂಡ್ ಅಂತ ಒಂದು ಫೀಲ್ಡ್ ಇಟ್ಟು ಅದರ ಮೇಲೆ ಸ್ವಿಚ್ ಹಾಕೋದು ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ದಾರಿ, ಯಾಕಂದ್ರೆ ಅದು ಜೇಸನ್ ಆಗಿ ಹೋಗಿ ಬಂದ್ರೂ ಉಳಿಯತ್ತೆ, ಕ್ಲಾಸ್ ಉಳಿಯಲ್ಲ.

ಜಾವಾ

ಸರ್ವೀಸ್ ಕಂಪನಿಗಳಲ್ಲಿ ಇರೋರಿಗೆ ಇದೇ ಜಾಸ್ತಿ ಬೇಕಾಗೋದು. ಇಲ್ಲಿ ಗೆಟ್‌ಕ್ಲಾಸ್ ಮೊದಲನೇ ಪ್ರಶ್ನೆಗೆ, ಇನ್‌ಸ್ಟನ್ಸ್‌ಆಫ್ ಎರಡನೇದಕ್ಕೆ. ನಲ್ ಮೇಲೆ ಗೆಟ್‌ಕ್ಲಾಸ್ ಕರೆದ್ರೆ ನಲ್‌ಪಾಯಿಂಟರ್ ಎಕ್ಸೆಪ್ಶನ್, ಇನ್‌ಸ್ಟನ್ಸ್‌ಆಫ್ ಆದ್ರೆ ಸುಮ್ನೆ ಫಾಲ್ಸ್. 2021ರ ಜಾವಾ 16ರಿಂದ ಇನ್‌ಸ್ಟನ್ಸ್‌ಆಫ್ ಮುಂದೆ ಟೈಪು, ಅದರ ಮುಂದೆ ಹೊಸ ವೇರಿಯಬಲ್ ಹೆಸರು ಬರೆದ್ರೆ ಚೆಕ್ಕೂ ಕಾಸ್ಟೂ ಒಂದೇ ಸಾಲಲ್ಲಿ ಆಗತ್ತೆ. 2023ರ ಜಾವಾ 21ರಿಂದ ಸ್ವಿಚ್ ಒಳಗೂ ಟೈಪ್ ಪ್ಯಾಟರ್ನ್ ಹಾಕ್ಬಹುದು, ಸೀಲ್ಡ್ ಇಂಟರ್ಫೇಸ್ ಜೊತೆ ಬಳಸಿದ್ರೆ ಯಾವ್ದಾದ್ರೂ ಟೈಪ್ ಬಿಟ್ಟುಹೋಗಿದ್ರೆ ಕಂಪೈಲರೇ ಹೇಳತ್ತೆ. ಹೊಸ ಪ್ರಾಜೆಕ್ಟ್ ಆದ್ರೆ ಕಣ್ಮುಚ್ಕೊಂಡು ಇದನ್ನ ಹಾಕಿ.

ಈಕ್ವಲ್ಸ್ ಬರೆಯೋವಾಗ ಗೆಟ್‌ಕ್ಲಾಸಾ ಇನ್‌ಸ್ಟನ್ಸ್‌ಆಫಾ ಅನ್ನೋ ಜಗಳ ಹಳೇದು. ಸಬ್‌ಕ್ಲಾಸ್‌ನಲ್ಲಿ ಹೊಸ ಫೀಲ್ಡ್ ಸೇರತ್ತೆ ಅಂದ್ರೆ ಇನ್‌ಸ್ಟನ್ಸ್‌ಆಫ್‌ನಿಂದ ಎ ಬಿಗೆ ಸಮ, ಬಿ ಎಗೆ ಸಮ ಅಲ್ಲ ಅನ್ನೋ ಸ್ಥಿತಿ ಬರ್ಬಹುದು, ಗೆಟ್‌ಕ್ಲಾಸ್ ಆಗ ಸುರಕ್ಷಿತ. ಆದ್ರೆ ಹೈಬರ್ನೇಟ್ (ಡೇಟಾಬೇಸ್ ರೋನ ಆಬ್ಜೆಕ್ಟ್ ಮಾಡಿ ಕೊಡೋ ಲೈಬ್ರರಿ) ಎಂಟಿಟಿ ಆದ್ರೆ ಉಲ್ಟಾ, ಅದು ಲೇಜಿ ಲೋಡಿಂಗ್‌ಗೆ ಅಂತ ನಿಮ್ಮ ಕ್ಲಾಸಿನ ಪ್ರಾಕ್ಸಿ ಸಬ್‌ಕ್ಲಾಸ್ ಮಾಡಿ ಕೊಡತ್ತೆ, ಗೆಟ್‌ಕ್ಲಾಸ್ ಕೇಳಿದ್ರೆ ಪ್ರಾಕ್ಸಿ ಹೆಸರು ಬರತ್ತೆ, ಒಂದೇ ರೋ ಆಗಿದ್ರೂ ಸಮ ಅಲ್ಲ ಅನ್ನತ್ತೆ. ಅಲ್ಲಿ ಇನ್‌ಸ್ಟನ್ಸ್‌ಆಫ್ ಹಾಕಿ. ಮಿಕ್ಕ ಕಡೆ ಕ್ಲಾಸ್ ಫೈನಲ್ ಮಾಡಿಟ್ರೆ ಈ ಜಗಳನೇ ಇರಲ್ಲ.

ಜೆನೆರಿಕ್ಸ್ ಬಗ್ಗೆ ಒಂದು ಮಾತು: 2004ರ ಜಾವಾ 5ರಲ್ಲಿ ಬಂದಾಗ್ಲಿಂದ ಅದು ಎರೇಷರ್ ಮೇಲೆ, ಅಂದ್ರೆ ಕಂಪೈಲ್ ಆದ್ಮೇಲೆ ಒಳಗಿನ ಟೈಪ್ ಅಳಿಸೋದರ ಮೇಲೆ, ನಿಂತಿದೆ. ಸ್ಟ್ರಿಂಗ್‌ಗಳ ಲಿಸ್ಟೂ ಇಂಟಿಜರ್‌ಗಳ ಲಿಸ್ಟೂ ರನ್‌ಟೈಮಲ್ಲಿ ಒಂದೇ ಅರೇಲಿಸ್ಟ್ ಕ್ಲಾಸು. ಒಳಗಿನ ಟೈಪ್ ತಿಳೀಬೇಕಿದ್ರೆ ಕ್ಲಾಸ್ ಆಬ್ಜೆಕ್ಟನ್ನ ಬೇರೆ ಪ್ಯಾರಾಮೀಟರ್ ಆಗಿ ಕಳಿಸ್ಬೇಕು.

ಗೋ, ಸಿ ಪ್ಲಸ್ ಪ್ಲಸ್, ಸಿ, ಪಿಎಚ್‌ಪಿ

ಗೋದಲ್ಲಿ ಟೈಪ್ ಸ್ವಿಚ್ ಹಾಕಿ, ಒಂದೇ ಟೈಪ್ ಆದ್ರೆ ಕಾಮಾ ಓಕೆ ಥರದ (ವ್ಯಾಲ್ಯೂ ಜೊತೆ ಟೈಪ್ ಸರಿ ಇತ್ತಾ ಅನ್ನೋದನ್ನೂ ಕೊಡೋ) ಅಸರ್ಷನ್. ಓಕೆ ಬಿಟ್ರೆ ತಪ್ಪು ಟೈಪ್ ಬಂದಾಗ ಪ್ಯಾನಿಕ್ ಆಗತ್ತೆ. ರಿಫ್ಲೆಕ್ಟ್ ಪ್ಯಾಕೇಜು ಲೈಬ್ರರಿ ಬರೆಯೋರಿಗೆ ಇರ್ಲಿ. ಜೇಸನ್‌ನ ಖಾಲಿ ಇಂಟರ್ಫೇಸ್‌ಗೆ ಡಿಕೋಡ್ ಮಾಡಿದ್ರೆ ಎಲ್ಲಾ ನಂಬರ್ ಫ್ಲೋಟ್64 ಆಗಿ ಬರತ್ತೆ, 45 ಕೂಡ, ಹಾಗಾಗಿ ಇಂಟ್ ಕೇಸ್ ಯಾವತ್ತೂ ಓಡಲ್ಲ. ಸ್ಟ್ರಕ್ಟ್ ಮಾಡಿ ಅದಕ್ಕೆ ಡಿಕೋಡ್ ಮಾಡಿದ್ರೆ ಈ ತೊಂದ್ರೆ ಇಲ್ಲ.

ಸಿ ಪ್ಲಸ್ ಪ್ಲಸ್‌ನಲ್ಲಿ ಮೊದ್ಲು ವರ್ಚುವಲ್ ಫಂಕ್ಷನ್ ಇಂದ ಆಗತ್ತಾ ನೋಡಿ, ಆದ್ರೆ ಟೈಪ್ ಕೇಳೋದೇ ಬೇಡ. ಟೈಪ್‌ಗಳ ಪಟ್ಟಿ ಮೊದ್ಲೇ ಗೊತ್ತಿದ್ರೆ ಸಿ ಪ್ಲಸ್ ಪ್ಲಸ್ 17ರ ವೇರಿಯಂಟ್ ಮತ್ತೆ ವಿಸಿಟ್. ಇವೆರಡೂ ಆಗ್ದಿದ್ರೆ ಡೈನಮಿಕ್ ಕಾಸ್ಟ್, ಪಾಯಿಂಟರ್ ಮೇಲೆ ಹಾಕಿ ನಲ್ ಬಂತಾ ನೋಡೋದು. ಅದಕ್ಕೆ ಕ್ಲಾಸಲ್ಲಿ ಒಂದಾದ್ರೂ ವರ್ಚುವಲ್ ಫಂಕ್ಷನ್ ಇರ್ಬೇಕು. ಟೈಪ್‌ಐಡಿಯ ನೇಮ್ ಮೇಲೆ ಲಾಜಿಕ್ ಕಟ್ಬೇಡಿ, ಇಂಟ್‌ಗೆ ಜಿಸಿಸಿ ಬರೀ ಐ ಅಕ್ಷರ ಕೊಡತ್ತೆ, ಮೈಕ್ರೋಸಾಫ್ಟ್ ಕಂಪೈಲರ್ ಪೂರ್ತಿ ಹೆಸರು ಕೊಡತ್ತೆ. ಸಿ ಭಾಷೆಲಿ ರನ್‌ಟೈಮಲ್ಲಿ ಟೈಪ್ ಮಾಹಿತಿನೇ ಇರಲ್ಲ, ಯೂನಿಯನ್ ಪಕ್ಕ ಒಂದು ಈನಮ್ ಟ್ಯಾಗ್ ನೀವೇ ಇಟ್ಕೋಬೇಕು.

ಪಿಎಚ್‌ಪಿಲಿ ಗೆಟ್‌ಟೈಪ್ ಇವತ್ತಿಗೂ ಫ್ಲೋಟ್‌ಗೆ ಡಬಲ್ ಅಂತ ಹೇಳತ್ತೆ. 2020ರ 8.0ರಲ್ಲಿ ಬಂದ ಗೆಟ್ ಡೀಬಗ್ ಟೈಪ್ ಈಗ ಎಲ್ಲರೂ ಬಳಸೋ ಹೆಸರು ಕೊಡತ್ತೆ, ಎರರ್ ಮೆಸೇಜಿಗೆ ಅದು. ಚೆಕ್‌ಗೆ ಇಸ್ ಇಂಟ್, ಇಸ್ ಸ್ಟ್ರಿಂಗ್ ಥರದವು.

ಎಲ್ಲಿ ಚೆಕ್ ಮಾಡ್ಬೇಕು

ಯಾವ ಟೂಲ್ ಅನ್ನೋದಕ್ಕಿಂತ ಇದು ಮುಖ್ಯ ಅಂತ ನನ್ನ ನಂಬಿಕೆ. ನಮ್ಮ ಮೆಟ್ರೋ ಥರ ಇರ್ಬೇಕು: ಒಳಗೆ ಬರೋ ಗೇಟಲ್ಲಿ ಕಾರ್ಡ್ ತೋರಿಸಿದ್ಮೇಲೆ ಬೋಗಿ ಒಳಗೆ ಯಾರೂ ಟಿಕೆಟ್ ಎಲ್ಲಿ ಅಂತ ಕೇಳ್ತಾ ಓಡಾಡಲ್ಲ. ಡೇಟಾ ಒಳಗೆ ಬರೋ ಜಾಗ ಅಂದ್ರೆ ಎಕ್ಸೆಲ್ ಓದೋ ಫಂಕ್ಷನ್, ಎಪಿಐ ಹ್ಯಾಂಡ್ಲರ್, ಫಾರಂ ಸಬ್ಮಿಟ್, ಕ್ಯೂನಿಂದ ಮೆಸೇಜ್ ಎತ್ತೋ ಜಾಗ. ಅಲ್ಲೇ ಟೈಪು, ವ್ಯಾಲ್ಯೂ ಎರಡೂ ನೋಡಿ, ಒಂದೇ ರೂಪಕ್ಕೆ ತಂದು ಒಳಗೆ ಬಿಡಿ. ಒಳಗಿನ ಹತ್ತು ಫಂಕ್ಷನಲ್ಲಿ ಅದೇ ಚೆಕ್ ಮತ್ತೆ ಮತ್ತೆ ಕಾಣಿಸ್ತಿದೆ ಅಂದ್ರೆ ಗೇಟಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ.

ಮನೆ ನಂಬರ್ ಕಾಲಂಗೆ ಇದನ್ನ ಹಾಕಿ ನೋಡಿ. ಬೂಲ್ ಬಂದ್ರೆ ರಿಜೆಕ್ಟ್. ಇಂಟ್ ಬಂದ್ರೆ ಸ್ಟ್ರಿಂಗ್ ಮಾಡಿ. ಸ್ಟ್ರಿಂಗ್ ಬಂದ್ರೆ ಅಕ್ಕಪಕ್ಕದ ಸ್ಪೇಸ್ ತೆಗೆದು ಖಾಲಿನಾ ನೋಡಿ. ಡೇಟ್‌ಟೈಮ್ ಬಂದ್ರೆ ಊಹೆ ಮಾಡೋಕೆ ಹೋಗ್ಬೇಡಿ, ದಯವಿಟ್ಟು. ಮಾರ್ಚ್ 12 ಅನ್ನೋದು 12/3 ಆಗಿತ್ತಾ 3/12 ಆಗಿತ್ತಾ ಶೀಟಿಂದ ಖಚಿತವಾಗಿ ಹೇಳೋಕಾಗಲ್ಲ, ಅದೇ ರೋಡಲ್ಲಿ ಎರಡೂ ಮನೆ ಇರ್ಬಹುದು. ಆ ಸಾಲು ನಂಬರ್ ಹಾಕಿ ಶೀಟ್ ಕೊಟ್ಟೋರಿಗೆ ವಾಪಸ್ ಕಳ್ಸಿ, ಕಾಲಂನ ಫಾರ್ಮ್ಯಾಟ್ ಟೆಕ್ಸ್ಟ್ ಮಾಡಿ ಆಮೇಲೆ ತುಂಬಿ ಅಂತ ಹೇಳಿ. ತುಂಬಿದ್ಮೇಲೆ ಟೆಕ್ಸ್ಟ್ ಮಾಡಿದ್ರೆ ತಾರೀಖಿನ ಹಿಂದಿರೋ ಸೀರಿಯಲ್ ನಂಬರ್ ಕಾಣತ್ತೆ, ಉಪಯೋಗ ಇಲ್ಲ.

ಪೈಡ್ಯಾಂಟಿಕ್ (ಡೇಟಾ ಚೆಕ್ ಮಾಡೋ ಪೈಥಾನ್ ಲೈಬ್ರರಿ) ಬಳಸೋರಿದ್ರೆ, 2023ರಲ್ಲಿ ಬಂದ ಎರಡನೇ ಆವೃತ್ತಿ ಸ್ಟ್ರಿಂಗ್ ಫೀಲ್ಡ್‌ಗೆ 45 ಅನ್ನೋ ಇಂಟ್ ಕೊಟ್ರೆ ತಾನಾಗೇ ಬದಲಾಯಿಸಲ್ಲ, ಎರರ್ ಕೊಡತ್ತೆ, ಹಳೇದು ಬದಲಾಯಿಸ್ತಿತ್ತು. ಉಲ್ಟಾ ಕಡೆ, ಇಂಟ್ ಫೀಲ್ಡ್‌ಗೆ "45" ಅನ್ನೋ ಸ್ಟ್ರಿಂಗ್ ಕೊಟ್ರೆ ಸ್ಟ್ರಿಕ್ಟ್ ಮೋಡ್ ಹಾಕದೇ ಇದ್ರೆ ಬದಲಾಯಿಸತ್ತೆ. ದುಡ್ಡಿನ ಫೀಲ್ಡ್‌ಗೆ ಸ್ಟ್ರಿಕ್ಟ್ ಹಾಕಿ ಅಂತೀನಿ.

ಚೆಕ್ ಬರೆದಾದ್ಮೇಲೆ

ಟೆಸ್ಟಲ್ಲಿ ಸರಿಯಾದ ವ್ಯಾಲ್ಯೂ ಒಂದು ತಪ್ಪು ವ್ಯಾಲ್ಯೂ ಒಂದು ಹಾಕಿ ಮುಗಿಸ್ಬೇಡಿ. ನಂಬರ್ ಬೇಕಾದ ಕಡೆ ಟ್ರೂ ಹಾಕಿ, ನ್ಯಾನ್ ಹಾಕಿ, ಸೊನ್ನೆ ಹಾಕಿ, ಯಾಕಂದ್ರೆ ಸೊನ್ನೆನ ಎಷ್ಟೋ ಚೆಕ್‌ಗಳು ಖಾಲಿ ಅಂದ್ಕೊಂಡು ಆಚೆ ಹಾಕತ್ವೆ. ಲಿಸ್ಟ್ ಬೇಕಾದ ಕಡೆ ಖಾಲಿ ಲಿಸ್ಟ್, ಒಂದು ಬರೀ ಸ್ಟ್ರಿಂಗ್, ಒಂದು ಜನರೇಟರ್ ಹಾಕಿ. ಕ್ಲಾಸ್ ಬೇಕಾದ ಕಡೆ ಅದರ ಒಂದು ಸಬ್‌ಕ್ಲಾಸ್ ಟೆಸ್ಟ್ ಒಳಗೇ ಮಾಡಿ ಹಾಕಿ, ಪಾಸಾಗ್ಬೇಕಾ ಬೇಡ್ವಾ ಅಂತ ನೀವೇ ಮೊದ್ಲು ತೀರ್ಮಾನ ಮಾಡಿ. ತಾರೀಖು ಆದ್ರೆ ಡೇಟ್ ಒಂದು, ಡೇಟ್‌ಟೈಮ್ ಒಂದು. ಜಾವಾಸ್ಕ್ರಿಪ್ಟ್ ಆದ್ರೆ ನಲ್ ಮತ್ತೆ ಅನ್‌ಡಿಫೈನ್ಡ್ ಎರಡನ್ನೂ ಬೇರೆಬೇರೆಯಾಗಿ. ಫೇಲಾದಾಗ ಬರೋ ಮೆಸೇಜಲ್ಲಿ ಯಾವ ಟೈಪ್ ಬೇಕಿತ್ತು, ಯಾವ ಟೈಪ್ ಬಂತು, ಎಷ್ಟನೇ ಸಾಲು ಅನ್ನೋ ಮೂರೂ ಇರ್ಲಿ. ಅಕೌಂಟ್ ನಂಬರ್, ಆಧಾರ್ ನಂಬರ್ ಥರದ ಫೀಲ್ಡ್ ಆದ್ರೆ ವ್ಯಾಲ್ಯೂನ ಲಾಗ್‌ಗೆ ಹಾಕ್ಬೇಡಿ, ಟೈಪು ಮತ್ತೆ ಉದ್ದ ಹಾಕಿದ್ರೆ ಕಾರಣ ಹುಡುಕೋಕೆ ಸಾಕಾಗತ್ತೆ.